ಗಿರಿಗೆ ಬರುವ ಮಹನೀಯರಲ್ಲಿ ಒಂದು ಅರಿಕೆ

ಶನಿವಾರ ನಸುಕಿಗೇ ಬೆಂಗಳೂರು ಬಿಟ್ಟು ಚಿಕ್ಕಮಗಳೂರಿನತ್ತ ಹೊರಡುವ ಮಹನೀಯರಿಗೆ,

ಗಿರಿಯ ಬುಡದಲ್ಲಿರುವ ನಾವು ಕ್ಷೇಮ. ಕೈಮರದ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿ ನಿಂತಿರುವ ತಾವೂ ಕ್ಷೇಮವೆಂದು ತಮ್ಮ ಹಾರನ್ನಿನಿಂದಲೇ ತಿಳಿಯಿತು. ಉಭಯ ಕುಶಲೋಪರಿ.

ಮೊದಲಿಗೆ ಅಭಿನಂದನೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಅಂಥಲ್ಲಿಗೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಒಂಚೂರೂ ಮುಕ್ಕಾಗದಂತೆ ಹೊತ್ತು ತರುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಬಾಬಾ ಬುಡನ್ ಯೆಮನ್ನಿನಿಂದ ಈ ಬೆಟ್ಟಸಾಲಿಗೆ ಏಳೇ ಏಳು ಕಾಫಿ ಬೀಜ ತಂದರೆಂದು ನಮ್ಮಲ್ಲಿ ಹೇಳುತ್ತಾರೆ. ತಮ್ಮದು ಅದಕ್ಕಿಂತ ಧಾರಾಳದ ಕೈ. ಚಿಪ್ಸ್ ಪೊಟ್ಟಣ, ಬಿಯರ್ ಬಾಟಲಿ, ಮಗುವಿನ ಡೈಪರ್, ಎಲ್ಲವನ್ನೂ ಬಿತ್ತಿ ಹೋಗುತ್ತೀರಿ. ಆ ಏಳು ಬೀಜ ಮೊಳೆತು ಜಿಲ್ಲೆಗೇ ಅನ್ನ ಕೊಟ್ಟವು. ತಮ್ಮ ಬಿತ್ತನೆ ಇನ್ನೂ ಮೊಳೆತಿಲ್ಲ. ಮಳೆ ಚೆನ್ನಾಗಿದೆ, ಕಾಯುತ್ತಿದ್ದೇವೆ.

ಅಷ್ಟು ದೂರ ಬಂದು, ಮೆಟ್ಟಿಲು ಹತ್ತಿ, 'ಬರೀ ಹುಲ್ಲು ಕಣ್ರೀ, ಏನೂ ಇಲ್ಲ' ಎಂದು ತಾವು ನೊಂದುಕೊಳ್ಳುವುದು ನಮಗೂ ಸಂಕಟದ ವಿಷಯ. ಏನು ಮಾಡುವುದು, ಇಲ್ಲಿರುವುದು ಅಷ್ಟೇ: ಬೋಳಾಗಿ ಕಾಣುವ ಹುಲ್ಲಿನ ಗುಡ್ಡ, ಅದರ ಮಡಿಕೆಗಳಲ್ಲಿ ಕುಳ್ಳು ಮರಗಳ ಶೋಲಾ ಕಾಡು. ಮುಂಗಾರಿನ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಜಿನುಗಿಸುವುದು ಬಿಟ್ಟರೆ ಇವುಗಳಿಗೆ ಬೇರೆ ಮನರಂಜನೆ ಗೊತ್ತಿಲ್ಲ. ವೇದಾ, ಅವತಿ ಎಂಬ ತೊರೆಗಳು ಇದೇ ಸಾಲಿನಲ್ಲಿ ಹುಟ್ಟಿ, ಕೂಡಿ ವೇದಾವತಿಯಾಗಿ, ಕಡೂರಿನ ಬಯಲು ಹಾದು ಹಿರಿಯೂರಿನ ಬಳಿ ವಾಣಿವಿಲಾಸ ಸಾಗರಕ್ಕೆ ಇಳಿಯುತ್ತವೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಚಿತ್ರದುರ್ಗ ಸೀಮೆಯ ರೈತ 89 ವರ್ಷ ಕಾದ. ತಾವು ಮಂಜು ಸರಿಯುವ ಹತ್ತು ನಿಮಿಷ ತಾಳಲಾರದೆ ಹಾರನ್ ಒತ್ತುತ್ತೀರಿ. ಹಾರನ್ನಿಗೆ ಮಂಜು ಸರಿದ ದಾಖಲೆ ನಮ್ಮಲ್ಲಿಲ್ಲ. ಆದರೂ ಪ್ರಯತ್ನ ಬಿಡಬೇಡಿ.

ಆ ಹುಲ್ಲಿನ ಮೇಲೆ ಜೀಪು ಹತ್ತಿಸಿ ತಾವು ತೆಗೆಯುವ ರೀಲ್ಸ್ ಅರ್ಧ ನಿಮಿಷದ್ದಾದರೂ ಚಕ್ರದ ಜಾಡಿಗೆ ಆಯುಷ್ಯ ಗಟ್ಟಿ. ಈ ಮಳೆಗಾಲಕ್ಕೆ ಅದು ಚರಂಡಿ, ಮುಂದಿನದಕ್ಕೆ ಕೊರಕಲು. ಕುರಿಂಜಿ ಗಿಡದ ವಿಷಯದಲ್ಲಂತೂ ತಮ್ಮ ರಸಿಕತೆಗೆ ಎಣೆಯಿಲ್ಲ. ಎಷ್ಟೋ ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಗಿಡವೇ ಸಾಯುತ್ತದೆ. ಮುಂದಿನ ಸರದಿಗೆ ಆ ಬೀಜವೊಂದೇ ಗತಿ. ತಾವು ಹೂವನ್ನೇ ಕಿತ್ತು ಮುಡಿದು ಸೆಲ್ಫಿ ತೆಗೆದುಕೊಂಡು, ಬೀಜ ಕಟ್ಟುವ ದಣಿವನ್ನು ಗಿಡಕ್ಕೆ ತಪ್ಪಿಸಿದಿರಿ.

ಪಕ್ಕದ ಭದ್ರಾ ಅಭಯಾರಣ್ಯದಿಂದ 2002ರ ಸುಮಾರಿಗೆ ಹಳ್ಳಿಗೆ ಹಳ್ಳಿಯೇ ಎದ್ದು ಹೋಯಿತು. ಹುಲಿ ನೆಮ್ಮದಿಯಾಗಿರಲಿ ಎಂದು ಹೊಲ, ಮನೆ, ದೇವರ ಬನ ಬಿಟ್ಟು ನಡೆದವರು ಅವರು. ತಮ್ಮ ಬ್ಲೂಟೂತ್ ಸ್ಪೀಕರನ್ನು ಕಾರಿನಲ್ಲೇ ಬಿಟ್ಟು ಬನ್ನಿ ಎಂದು ಕೇಳಲು ಮಾತ್ರ ನಮಗೆ ಬಾಯಿ ಬರುವುದಿಲ್ಲ. ತ್ಯಾಗಕ್ಕೂ ಒಂದು ಮಿತಿಯಿದೆಯಲ್ಲ.

2025ರ ಸೆಪ್ಟೆಂಬರಿನಿಂದ ಗಿರಿಗೆ ಆನ್‌ಲೈನ್ ನೋಂದಣಿ, ದಿನಕ್ಕೆ ಎರಡು ಪಾಳಿ, ವಾಹನಕ್ಕೆ ಮಿತಿ. 'ಸಾರ್ವಜನಿಕರ ಬೆಟ್ಟಕ್ಕೆ ಚೀಟಿ ಯಾಕೆ?' ಎಂದು ತಾವು ಗುಡುಗಿದ್ದು ನ್ಯಾಯವೇ. ಹಾಗೆಂದು ನಮ್ಮೂರವರೇನೂ ಕಮ್ಮಿಯಿಲ್ಲ. ತಮಗೆ 'ವ್ಯೂ' ಕಾಣಲೆಂದು ಗುಡ್ಡ ಕಡಿದು ಹೋಂಸ್ಟೇ ಎಬ್ಬಿಸಿ, ಮಳೆಗಾಲದಲ್ಲಿ ಅದೇ ಗುಡ್ಡ ರಸ್ತೆಗೆ ಇಳಿದರೆ ಪ್ರಕೃತಿ ವಿಕೋಪವೆಂದು ಪರಿಹಾರಕ್ಕೆ ಅರ್ಜಿ ಬರೆಯುವ ಜಾಣರು ನಾವು.

ಆದ್ದರಿಂದ ಒಂದು ಸಲಹೆ. ತಮಗೆ ಬೇಕಾದದ್ದು ಹಾಡು, ಬಿಸಿ ನೂಡಲ್ಸ್, ಹಿಂದೆ ಒಂದು ಬೆಟ್ಟ, ಒಂದಿಷ್ಟು ಮಂಜು ಮತ್ತು ಪಾರ್ಕಿಂಗ್. ಬೆಂಗಳೂರಿನ ಯಾವ ಮದುವೆ ಹಾಲಿನಲ್ಲೂ ಈ ಐದೂ ಸಿಗುತ್ತವೆ. ಬೆಟ್ಟ ಫ್ಲೆಕ್ಸಿನಲ್ಲಿ, ಮಂಜು ವಧೂವರರ ಪ್ರವೇಶಕ್ಕೆ ಬಿಡುವ ಹೊಗೆಯಲ್ಲಿ. ಐನೂರು ಕಿಲೋಮೀಟರಿನ ಪೆಟ್ರೋಲೂ ಉಳಿತಾಯ. ಇಲ್ಲ, ಈ ಬರೀ ಹುಲ್ಲೇ ಬೇಕು ಎಂದು ಹಟ ಹಿಡಿಯುವವರಿದ್ದರೆ ಬುಧವಾರವೋ ಗುರುವಾರವೋ ಬರಲಿ, ಸೀತಾಳಯ್ಯನಗಿರಿಯಲ್ಲಿ ಕಾರು ಬಿಟ್ಟು ನಡೆದು ಹತ್ತಲಿ, ತಂದದ್ದನ್ನು ವಾಪಸ್ ಒಯ್ಯಲಿ. ಅಂಥವರ ಜೊತೆ ನಾವೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಗಿರಿಯ ಬುಡದ ಒಬ್ಬ ನಿವಾಸಿ

ವಿ.ಸೂ.: ಮಾರ್ಚಿನಲ್ಲಿ ಬರುವ ಸಿಗರೇಟು ಪ್ರಿಯರ ಗಮನಕ್ಕೆ. ಆಗ ಹುಲ್ಲು ಒಣಗಿರುತ್ತದೆ. ಇಳಿಜಾರಿನ ಮೇಲಕ್ಕೆ ಅಗ್ನಿಶಾಮಕದ ಗಾಡಿ ಬರುವುದಿಲ್ಲ; ಅರಣ್ಯ ಇಲಾಖೆಯ ವಾಚರುಗಳು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಬಡಿದೇ ಬೆಂಕಿ ಆರಿಸಬೇಕು. ದಯವಿಟ್ಟು ಲೈಟರಿನ ಜೊತೆ ಒಂದೊಂದು ಕೊಂಬೆಯನ್ನೂ ತನ್ನಿ. ಇಲ್ಲಿಯದನ್ನು ಮುರಿಯಬೇಡಿ, ಮನೆಯಿಂದಲೇ ತನ್ನಿ.