ಓದಿದ ಗಂಟೆಗಳ ಲೆಕ್ಕಪರಿಶೋಧನೆ

ಸಿಎ ಪರೀಕ್ಷೆಗೆ ದಿನಕ್ಕೆ ಎಷ್ಟು ಗಂಟೆ ಓದಬೇಕು ಎಂಬುದು ಪ್ರತಿಯೊಬ್ಬ ಅಭ್ಯರ್ಥಿಯೂ ಕೇಳುವ, ಪ್ರತಿಯೊಬ್ಬ ಹಿರಿಯನೂ ಉತ್ತರಿಸುವ, ಆದರೆ ಯಾರೂ ರಸೀದಿ ತೋರಿಸದ ಪ್ರಶ್ನೆ. 1949ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ ತಿಂಗಳುಗಳಲ್ಲಿ ಮಾತ್ರ ಮಾತನಾಡುತ್ತದೆ: 2023ರ ಹೊಸ ಪದ್ಧತಿಯಂತೆ ಫೌಂಡೇಶನ್ ಎಂಬ ಮೊದಲ ಹಂತಕ್ಕೆ ಕನಿಷ್ಠ 4 ತಿಂಗಳು, ಇಂಟರ್‌ಮೀಡಿಯೆಟ್‌ಗೆ 8 ತಿಂಗಳು, ಆಮೇಲೆ ಆರ್ಟಿಕಲ್‌ಶಿಪ್, ಎಂದರೆ ವೃತ್ತಿನಿರತ ಲೆಕ್ಕಪರಿಶೋಧಕರ ಕೈಕೆಳಗೆ 2 ವರ್ಷದ ತರಬೇತಿ, ಅದು ಮುಗಿದ ಮೇಲೆ ಫೈನಲ್‌ಗೆ 6 ತಿಂಗಳು. ಈ ತಿಂಗಳುಗಳನ್ನು ಗಂಟೆಗಳಾಗಿ ಚಿಲ್ಲರೆ ಮಾಡಿಕೊಡುವ ಹೊಣೆಯನ್ನು ಹಿರಿಯ ವಿದ್ಯಾರ್ಥಿಗಳೂ ಕೋಚಿಂಗ್ ತರಗತಿಗಳೂ ಯಾರೂ ಕೇಳದೆಯೇ ವಹಿಸಿಕೊಂಡಿವೆ.

ಅವರು ಕೊಡುವ ಚಿಲ್ಲರೆ ಹೀಗಿರುತ್ತದೆ. ಆರು ತಿಂಗಳೆಂದರೆ ಸುಮಾರು 180 ದಿನ. ದಿನಕ್ಕೆ 10 ಗಂಟೆಯಂತೆ 1800 ಗಂಟೆ. ಫೈನಲ್‌ನ ಆರು ಪತ್ರಿಕೆಗಳಲ್ಲಿ ಐದಕ್ಕೆ ಮೂರು ಮೂರು ಗಂಟೆ, ಆರನೆಯದಕ್ಕೆ ನಾಲ್ಕು ಗಂಟೆಯಾದ್ದರಿಂದ 19 ಗಂಟೆಗಳ ಬರವಣಿಗೆಗೆ 1800 ಗಂಟೆಗಳ ಓದು ಎಂದಾಗುತ್ತದೆ. (ಆ ಆರನೆಯ ಪತ್ರಿಕೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಉತ್ತರಿಸಲು ಅನುಮತಿಯಿದೆ, ತೆರೆಯುವಷ್ಟು ಪುರುಸೊತ್ತು ಇರುತ್ತದೆಯೇ ಎಂಬುದನ್ನು ನಿಯಮಾವಳಿ ಹೇಳುವುದಿಲ್ಲ.) ಗಣಿತದಲ್ಲಿ ತಪ್ಪಿಲ್ಲ. ಆದರೆ ಬರಿಯ ಕೂಡಿಕೆ ಸರಿಯಿದ್ದ ಮಾತ್ರಕ್ಕೆ ಲೆಕ್ಕವನ್ನು ಒಪ್ಪಬಾರದು ಎಂಬುದೇ ಈ ವಿದ್ಯೆಯ ಮೊದಲ ಪಾಠವಾಗಿರುವುದರಿಂದ, ಓದಿದ ಗಂಟೆಗಳನ್ನೂ ಅದೇ ವಿದ್ಯೆಯ ಒರೆಗೆ ಹಚ್ಚುವುದು ನ್ಯಾಯ.

ಪರಿಶೋಧನೆಗೆ ಕೈಹಾಕಿದೊಡನೆ ತಿಳಿಯುವುದೇನೆಂದರೆ, ಸಾಮಾನ್ಯ ಅಭ್ಯರ್ಥಿ ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟಿರುತ್ತಾನೆ. ಬ್ಯಾಂಕಿಗೆ ಒಂದು, ತೆರಿಗೆ ಇಲಾಖೆಗೆ ಇನ್ನೊಂದು ಎಂದು ಎರಡು ಖಾತೆ ಇಡುವ ವ್ಯಾಪಾರಿಯನ್ನು ಹಿಡಿಯುವ ಉಪಾಯಗಳನ್ನು ಹಗಲೆಲ್ಲ ಕಲಿತವನು, ಸಂಜೆ ಮನೆಯವರ ಮುಂದೆ ಹನ್ನೆರಡು ಗಂಟೆ ಓದಿದೆನೆಂದೂ, ಗೆಳೆಯರ ಮುಂದೆ ಪುಸ್ತಕವನ್ನೇ ಮುಟ್ಟಿಲ್ಲವೆಂದೂ ಹೇಳುತ್ತಾನೆ. ಮೊದಲನೆಯದನ್ನು ಶಾಸ್ತ್ರದಲ್ಲಿ ವಿಂಡೋ ಡ್ರೆಸ್ಸಿಂಗ್ ಎನ್ನುತ್ತಾರೆ, ಎಂದರೆ ಇರುವುದಕ್ಕಿಂತ ಚೆಂದ ಕಾಣುವಂತೆ ಲೆಕ್ಕವನ್ನು ಸಿಂಗರಿಸುವುದು. ಎರಡನೆಯದು ಗುಪ್ತ ಮೀಸಲು, ಎಂದರೆ ಇರುವ ಆಸ್ತಿಯನ್ನು ಕಡಿಮೆ ತೋರಿಸಿ ಒಳಗೇ ಕೂಡಿಡುವುದು. ಒಂದೇ ಸಂಸ್ಥೆ ಒಂದೇ ದಿನ ಎರಡನ್ನೂ ಮಾಡಿದ ನಿದರ್ಶನ ವ್ಯಾಪಾರಲೋಕದಲ್ಲಿ ಅಪರೂಪ.

ಹಾಗಾದರೆ ನಿಜವಾದ ಅಂಕಿಯನ್ನು ಹೇಗೆ ಪಡೆಯುವುದು? ಪರಿಶೋಧಕನಿಗೆ ಪುರಾವೆ ಬೇಕು. ಕೋಣೆಯಲ್ಲಿ ಮಧ್ಯರಾತ್ರಿ ಎರಡರವರೆಗೆ ದೀಪ ಉರಿಯುತ್ತಿತ್ತು ಎಂಬುದು ವಿದ್ಯುತ್ ಖರ್ಚಿಗೆ ಪುರಾವೆಯೇ ಹೊರತು ಓದಿಗಲ್ಲ. ಹೊರಗಿನವರಿಂದ ಬಂದ ದೃಢೀಕರಣಕ್ಕೆ ಹೆಚ್ಚು ತೂಕವೆಂದು ಪರಿಶೋಧನಾ ಮಾನದಂಡಗಳು ಹೇಳುತ್ತವೆಯಾದರೂ, ‘ಪಾಪ, ಕೂತಲ್ಲಿಂದ ಏಳಲೇ ಇಲ್ಲ’ ಎಂದು ದೃಢೀಕರಿಸುವ ತಾಯಿ ಆ ಮಾನದಂಡಗಳ ಪ್ರಕಾರ ‘ಸಂಬಂಧಿತ ಪಕ್ಷ’ ಆಗುತ್ತಾರೆ. ಅಂಥವರ ಹೇಳಿಕೆಯನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಬಣ್ಣಬಣ್ಣದ ಪೆನ್ನುಗಳಿಂದ ವೇಳಾಪಟ್ಟಿ ಬರೆದ ಅರ್ಧ ದಿನವನ್ನು ಓದು ಎನ್ನಬೇಕೋ ಬಂಡವಾಳ ವೆಚ್ಚ ಎನ್ನಬೇಕೋ ಎಂಬುದೂ ಇತ್ಯರ್ಥವಾಗಿಲ್ಲ. ಒಂದು ಗಂಟೆಯ ಪಾಠದ ವಿಡಿಯೋವನ್ನು ಇಮ್ಮಡಿ ವೇಗದಲ್ಲಿ ಓಡಿಸಿ ಅರ್ಧ ಗಂಟೆಯಲ್ಲಿ ಮುಗಿಸಿದವನು ಪುಸ್ತಕದಲ್ಲಿ ಪೂರ್ತಿ ಗಂಟೆಯನ್ನೇ ಜಮಾ ಮಾಡಿಕೊಳ್ಳುತ್ತಾನೆ. ಫೋನು, ಚಹಾ, ಚಹಾದ ಜೊತೆಯ ಚರ್ಚೆ ಇವನ್ನೆಲ್ಲ ಕಳೆದರೆ ಹನ್ನೆರಡು ಗಂಟೆಯ ಸ್ಥೂಲ ಆದಾಯ ಆರು ಗಂಟೆಯ ನಿವ್ವಳಕ್ಕೆ ಇಳಿದರೂ ಅದನ್ನು ಒಳ್ಳೆಯ ವರ್ಷವೆಂದೇ ಭಾವಿಸಬೇಕು.

ಇಷ್ಟಾದ ಮೇಲೆ ಸವಕಳಿಯ ವಿಚಾರ. ಯಂತ್ರದ ಬೆಲೆ ಪ್ರತಿವರ್ಷ ಒಂದೇ ಮೊತ್ತದಷ್ಟು ಇಳಿಯುತ್ತದೆಂದು ಹಿಡಿಯುವುದು ಒಂದು ವಿಧಾನ. ಉಳಿದ ಬೆಲೆಯ ಮೇಲೆ ಶೇಕಡಾವಾರು ಕಳೆಯುವುದು ಇನ್ನೊಂದು, ಇದರಲ್ಲಿ ಮೊದಮೊದಲೇ ದೊಡ್ಡ ಪಾಲು ಹೋಗಿಬಿಡುತ್ತದೆ. ಮರೆವು ಈ ಎರಡನೆಯ ವಿಧಾನವನ್ನು ಅನುಸರಿಸುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾನೆ. ಅದರ ಮೇಲೆ ಸರ್ಕಾರ ಬೇರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸೇವಾ ತೆರಿಗೆಯನ್ನೂ ವ್ಯಾಟನ್ನೂ ಅರೆದು ಕುಡಿದಿದ್ದವರ ಸಂಗ್ರಹ ಒಂದು ರಾತ್ರಿಯಲ್ಲಿ ಗುಜರಿಯಾಯಿತು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳನ್ನು ನಿದ್ದೆಯಲ್ಲೂ ಹೇಳುತ್ತಿದ್ದವರಿಗೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬೇರೆ ಸಂಖ್ಯೆಗಳನ್ನು ದಯಪಾಲಿಸಿದೆ. ಫೇಲಾದವನು ಮತ್ತೆ ಅದೇ ಪರೀಕ್ಷೆಗೆ ಕೂರುತ್ತಾನೆ ಎಂಬ ಮಾತು ಆದ್ದರಿಂದ ಪೂರ್ತಿ ನಿಜವಲ್ಲ.

ಗಂಟೆಗಳ ಹಂಚಿಕೆಯೂ ಸುಲಭದ್ದಲ್ಲ. ಪ್ರತಿ ಪತ್ರಿಕೆಯಲ್ಲಿ 40, ಮೂರು ಪತ್ರಿಕೆಗಳ ಒಂದು ಗ್ರೂಪಿನಲ್ಲಿ ಒಟ್ಟು 150 ಬರಬೇಕೆಂಬ ನಿಯಮವಿರುವುದರಿಂದ, ಎರಡರಲ್ಲಿ 80 ಪಡೆದು ಮೂರನೆಯದರಲ್ಲಿ 39ಕ್ಕೆ ನಿಂತವನೂ, ಮೂರರಲ್ಲೂ ಗೌರವದಿಂದ ದಾಟಿ 149ಕ್ಕೆ ನಿಂತವನೂ ಒಂದೇ ಬೆಂಚಿನವರು. ಕೆನರಾ, ಸಿಂಡಿಕೇಟ್ ಮುಂತಾದ ಬ್ಯಾಂಕುಗಳು ಹುಟ್ಟಿದ ಮಂಗಳೂರು, ಉಡುಪಿ ಸೀಮೆಯಲ್ಲಿ ಇದರ ಕಷ್ಟ ಇನ್ನೂ ಹೆಚ್ಚು. ಬೇರೆಡೆಯ ನೆಂಟರು ಮದುವೆಯೂಟದ ಪಂಕ್ತಿಯಲ್ಲಿ ‘ಪಾಸಾಯಿತಾ?’ ಎಂದು ಕೇಳಿ ಪಾಯಸದ ಕಡೆ ತಿರುಗಿದರೆ, ಇಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮಾವಂದಿರು ‘ಪೇಪರು ಹೋದದ್ದೋ, ಅಗ್ರಿಗೇಟು ಹೋದದ್ದೋ ಮಾರಾಯ?’ ಎಂದು ವಿವರಕ್ಕೇ ಇಳಿಯುತ್ತಾರೆ.

ಇಷ್ಟರ ನಡುವೆಯೂ ಜನ ಪಾಸಾಗುತ್ತಾರೆ. ಪಾಸಾದವನು ಹೆಸರಿನ ಹಿಂದೆ ಸಿಎ ಎಂಬ ಎರಡಕ್ಷರ ಧರಿಸಿ, ಊರಿನ ಲೆಕ್ಕಗಳಿಗೆಲ್ಲ ಸಹಿ ಹಾಕುವ ಅರ್ಹತೆ ಪಡೆಯುತ್ತಾನೆ. ತನ್ನ ಲೆಕ್ಕವನ್ನು ಮಾತ್ರ ತಾನೇ ಪರಿಶೋಧಿಸಬಾರದೆಂಬುದು ವೃತ್ತಿಧರ್ಮದ ಕಟ್ಟಪ್ಪಣೆ. ಆದರೂ ಕಿರಿಯರು ಸುತ್ತ ನೆರೆದು ಎಷ್ಟು ಗಂಟೆ ಓದಿದಿರಿ ಎಂದು ಕೇಳಿದಾಗ ಅವನು ಕ್ಷಣಕಾಲ ಆಕಾಶ ನೋಡಿ ಹದಿನಾಲ್ಕು ಎನ್ನುತ್ತಾನೆ, ಮುಂದಿನ ವರ್ಷದ ಆಡಿಟರುಗಳು ವೌಚರ್ ಕೇಳದೆ ಅದನ್ನು ಬರೆದುಕೊಳ್ಳುತ್ತಾರೆ.