ಶುಕ್ರವಾರದ ಸೈಕಲ್ಲಿನವರಿಗೆ ಒಬ್ಬ ಕಾರು ಮಾಲೀಕನ ಬಹಿರಂಗ ಪತ್ರ

ಪ್ರತಿ ತಿಂಗಳ ಕಡೇ ಶುಕ್ರವಾರ ಸಂಜೆ ಲಂಡನ್ನಿನ ವಾಟರ್‌ಲೂ ಸೇತುವೆಯ ಕೆಳಗೆ ಜಮಾಯಿಸಿ, ಊರೆಲ್ಲ ಸುತ್ತುವ ‘ಕ್ರಿಟಿಕಲ್ ಮಾಸ್’ ಸೈಕಲ್ ಸವಾರ ಮಹಾಶಯರಿಗೆ, ಅವರ ಹಿಂದೆ ಕಾರಿನಲ್ಲಿ ಸಿಕ್ಕಿಕೊಂಡ ಕನ್ನಡಿಗನೊಬ್ಬನ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ನಾನು ಕ್ಷೇಮ, ಕಾರು ಕದಲುತ್ತಿಲ್ಲ. ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನೀವು ಓದಿ ಉತ್ತರ ಕೊಟ್ಟುಬಿಡುವ ಅಪಾಯವಿದೆ.

ನನ್ನ ಮೊದಲ ತಕರಾರು, ನೀವು ಗುಂಪುಗೂಡುತ್ತೀರಿ ಎಂಬುದು. ನಾವು ಕಾರಿನವರು ಹಾಗೆಲ್ಲ ಗುಂಪುಗೂಡುವವರಲ್ಲ. ದಿನಾ ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ, ಅದೇ ರಸ್ತೆಗಳಲ್ಲಿ, ಐದು ಸೀಟಿನ ಗಾಡಿಯಲ್ಲಿ ಒಬ್ಬೊಬ್ಬರೇ ಕೂತು ಅಕಸ್ಮಾತ್ತಾಗಿ ಸಂಧಿಸುತ್ತೇವೆ, ಅಷ್ಟೆ. ನಮಗೆ ನಾಯಕನಿಲ್ಲ, ಬಾವುಟವಿಲ್ಲ, ಘೋಷಣೆಯಿಲ್ಲ. ಆದ್ದರಿಂದ ನಮ್ಮದು ಟ್ರಾಫಿಕ್, ನಿಮ್ಮದು ಅಡಚಣೆ. ವೇಗ ಎರಡರದ್ದೂ ಒಂದೇ ಎಂದು ನೀವು ವಾದಿಸಬಹುದು. ಆದರೆ ನೀವು ಗಂಟೆ ಬಾರಿಸುತ್ತೀರಿ, ಕ್ಯಾರಿಯರಿಗೆ ಸ್ಪೀಕರ್ ಕಟ್ಟಿ ಹಾಡು ಹಾಕುತ್ತೀರಿ, ಎಲ್ಲಕ್ಕಿಂತ ಮಿಗಿಲಾಗಿ ನಗುತ್ತೀರಿ. ಟ್ರಾಫಿಕ್ಕಿನಲ್ಲಿ ನಗುವ ಸಂಪ್ರದಾಯ ನಮ್ಮಲ್ಲಿಲ್ಲ.

1992ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಈ ಚಾಳಿ 1994ರ ಏಪ್ರಿಲಿನಲ್ಲಿ ಲಂಡನ್ನಿಗೆ ಬಂತು. ಅಂದಿನಿಂದ ಇದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಖಜಾಂಚಿಯಂತೂ ಇಲ್ಲವೇ ಇಲ್ಲ. ಪರದೇಶದಲ್ಲಿ ನಾಲ್ಕು ಜನ ಸೇರಿದರೆ ಐದು ಜನರ ಕಾರ್ಯಕಾರಿ ಸಮಿತಿ ರಚಿಸುವ ನಮ್ಮಂಥವರಿಗೆ ಇದನ್ನು ನಂಬುವುದೇ ಕಷ್ಟ. ಯಾವ ದಾರಿಯಲ್ಲಿ ಹೋಗುವುದೆಂದು ಕೇಳಿದರೆ, ಮುಂದಿದ್ದವರು ಎತ್ತ ತಿರುಗಿದರೆ ಅತ್ತ ಎನ್ನುತ್ತೀರಿ.

ಪಾಪ, ಪೊಲೀಸರ ಪಾಡು ನೋಡಿ. 1986ರ ಪಬ್ಲಿಕ್ ಆರ್ಡರ್ ಕಾಯ್ದೆಯ ಪ್ರಕಾರ ಮೆರವಣಿಗೆ ಹೊರಡಿಸುವವರು ಆರು ದಿನ ಮುಂಚೆ ದಿನಾಂಕ, ಹೊತ್ತು, ದಾರಿ, ಸಂಘಟಕರ ಹೆಸರು ವಿಳಾಸ ಬರೆದುಕೊಡಬೇಕು. 2005ರಲ್ಲಿ ಪೊಲೀಸರು ನಿಮ್ಮ ಕೈಗೆಲ್ಲ ಒಂದೊಂದು ಕಾಗದ ಹಂಚಿ ಅದನ್ನೇ ಕೇಳಿದರು. ಇಲ್ಲದ ಸಂಘಟಕ ಗೊತ್ತಿಲ್ಲದ ದಾರಿಯನ್ನು ಬರೆದುಕೊಡಬೇಕಿತ್ತು. ಕಾಯ್ದೆಯಲ್ಲಿ ಎರಡು ವಿನಾಯಿತಿಗಳಿವೆ: ವಾಡಿಕೆಯಾಗಿ ನಡೆದುಬಂದ ಮೆರವಣಿಗೆ, ಇಲ್ಲವೇ ಅಂತ್ಯಕ್ರಿಯೆಯವರು ನಡೆಸುವ ಶವಯಾತ್ರೆ. ಅಂದರೆ ಸೈಕಲ್ ತುಳಿಯಲು ನೋಟಿಸ್ ಬೇಕು, ತುಳಿಯುತ್ತಾ ಲಾರಿಗೆ ಸಿಕ್ಕಿ ಸತ್ತರೆ ಬೇಡ. ಕಾಯ್ದೆ ಬರೆದವರಿಗೆ ದೂರದೃಷ್ಟಿಯಿತ್ತು.

ನಿಮ್ಮಲ್ಲೊಬ್ಬರು ಕೋರ್ಟಿಗೆ ಹೋದರು. 2006ರಲ್ಲಿ ಹೈಕೋರ್ಟು ಇದು ವಾಡಿಕೆ ಎಂದಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ, ತಿಂಗಳಿಗೊಂದು ದಾರಿ ಹಿಡಿಯುವುದು ಎಂಥಾ ವಾಡಿಕೆ ಎಂದು ತೀರ್ಪನ್ನು ಬುಡಮೇಲು ಮಾಡಿತು. ಕೊನೆಗೆ 2008ರ ನವೆಂಬರಿನಲ್ಲಿ, ಆಗ ಕಟ್ಟಕಡೆಯ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮತ್ತೆ ವಾಡಿಕೆಯೇ ಎಂದು ತೀರ್ಮಾನಿಸಿತು. ಹದಿನಾಲ್ಕು ವರ್ಷ ತಿಂಗಳು ತಿಂಗಳೂ ನಡೆದದ್ದು ವಾಡಿಕೆಯೋ ಅಲ್ಲವೋ ಎಂದು ನಮ್ಮೂರ ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದ್ದರೆ, ಒಂದು ಎಲೆಯಡಿಕೆಯ ಖರ್ಚಿನಲ್ಲಿ ಹೇಳಿರುತ್ತಿದ್ದರು. ಲಂಡನ್ನಿಗೆ ಮೂರು ವರ್ಷ, ಮೂರು ಕೋರ್ಟು ಬೇಕಾಯಿತು.

ಪೊಲೀಸರು ಸೋಲೊಪ್ಪುವ ಜಾತಿಯಲ್ಲ. 2012ರ ಜುಲೈ 27 ಒಲಿಂಪಿಕ್ಸ್ ಉದ್ಘಾಟನೆಯ ದಿನ; ನಿಮ್ಮ ಗ್ರಹಚಾರಕ್ಕೆ ಅಂದೇ ತಿಂಗಳ ಕಡೇ ಶುಕ್ರವಾರ. ಥೇಮ್ಸ್ ನದಿ ದಾಟಿ ಉತ್ತರಕ್ಕೆ ಬರಕೂಡದೆಂದು ಅಪ್ಪಣೆಯಾಯಿತು. ನೀವು ಬಂದಿರಿ. 182 ಜನರನ್ನು ಹಿಡಿದರು. ಅದೇ ರಾತ್ರಿ ಕ್ರೀಡಾಂಗಣದೊಳಗೆ, ಐದು ದಿನದ ಹಿಂದಷ್ಟೇ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದಿದ್ದ ಬ್ರಾಡ್ಲಿ ವಿಗಿನ್ಸ್ ಹಳದಿ ಜೆರ್ಸಿ ತೊಟ್ಟು ಗಂಟೆ ಬಾರಿಸಿದರು. ಪಾರಿವಾಳದ ರೆಕ್ಕೆ ಕಟ್ಟಿಕೊಂಡ ಸೈಕಲ್ ಸವಾರರು ಸುತ್ತು ಹಾಕಿದರು, ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ನೀವೂ ಒಂದೊಂದು ಜೊತೆ ರೆಕ್ಕೆ ಕಟ್ಟಿಕೊಂಡು ಹೋಗಬೇಕಿತ್ತು, ಮಹಾಶಯರೇ! ಹಿಡಿದ 182ರಲ್ಲಿ ಕೋರ್ಟಿನಲ್ಲಿ ಅಪರಾಧಿಗಳೆನಿಸಿಕೊಂಡವರು ಬೆರಳೆಣಿಕೆಯಷ್ಟು ಜನ ಮಾತ್ರ ಎಂಬುದು ಬೇರೆ ಮಾತು.

ಎರಡನೆಯ ತಕರಾರು: ನೀವು ರೋಡ್ ಟ್ಯಾಕ್ಸ್ ಕಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ರಸ್ತೆಗೆಂದೇ ಮೀಸಲಿಟ್ಟ ತೆರಿಗೆ 1937ರಲ್ಲೇ ರದ್ದಾಗಿದೆ, ಈಗ ಕಾರಿನವರು ಕಟ್ಟುವುದು ವಾಹನದ ಸುಂಕ, ರಸ್ತೆಯ ಖರ್ಚಿಗೆ ಎಲ್ಲರ ತೆರಿಗೆಯೂ ಸೇರುತ್ತದೆ ಎಂದು ನಿಮ್ಮವರೊಬ್ಬರು ನನಗೆ ತಿಳಿಹೇಳಿದರು. ಇರಬಹುದು. ನಾನು ಮನಸ್ಸಿನಲ್ಲಿ ಇಂದಿಗೂ ಅದನ್ನೇ ಕಟ್ಟುತ್ತಿದ್ದೇನೆ. ಇಷ್ಟು ಸಾಲದೆ, ಈ ದೇಶದಲ್ಲಿ ನಯವಾದ ರಸ್ತೆ ಬೇಕೆಂದು 1880ರ ದಶಕದಲ್ಲೇ ಸಂಘ ಕಟ್ಟಿ ಹೋರಾಡಿದವರು ಸೈಕಲ್ಲಿನವರೇ ಎಂಬ ಚರಿತ್ರೆಯನ್ನೂ ಆತ ತೆಗೆದರು. ಆಗಿನ್ನೂ ಇಲ್ಲಿ ಕಾರೇ ಇರಲಿಲ್ಲವಂತೆ. ಇಂಥ ಚರಿತ್ರೆಯನ್ನು ಸಿಗ್ನಲ್ಲಿನಲ್ಲಿ ಹೇಳಬಾರದು.

ಇನ್ನು ಜರ್ಮನಿಯವರು ನಿಮ್ಮ ತಲೆ ಕೆಡಿಸಿಟ್ಟಿದ್ದಾರೆ. ಅಲ್ಲಿ 15ಕ್ಕಿಂತ ಹೆಚ್ಚು ಸವಾರರು ಒಟ್ಟಾಗಿ ಹೊರಟರೆ ಕಾನೂನು ಅವರನ್ನು ಒಂದೇ ತಂಡವೆಂದು ಒಪ್ಪುತ್ತದೆ; ಮುಂದಿನವರು ಹಸಿರು ದೀಪದಲ್ಲಿ ಹೊರಟರೆ ಹಿಂದಿನವರು ಕೆಂಪಿನಲ್ಲೂ ದಾಟಬಹುದು. ಲಂಡನ್ನಿನಲ್ಲಿ ಆ ಸವಲತ್ತಿಲ್ಲದ ಕಾರಣ ನೀವೇ ಅಡ್ಡರಸ್ತೆಗಳ ಬಾಯಿಗೆ ಸೈಕಲ್ ನಿಲ್ಲಿಸಿ ನಮ್ಮನ್ನು ತಡೆಯುತ್ತೀರಿ.

ಇಲ್ಲೊಂದು ಮಾತನ್ನು ಗಂಭೀರವಾಗಿ ಹೇಳುತ್ತೇನೆ. ನೀವು ತಡೆದ ಸಾಲಿನಲ್ಲಿ ಕೆಂಪು ಬಸ್ಸೂ ಇರುತ್ತದೆ. ಅದರಲ್ಲಿ ಆಸ್ಪತ್ರೆಯ ರಾತ್ರಿಪಾಳಿಗೆ ಹೊರಟ ಹೆಂಗಸಿರುತ್ತಾಳೆ. ಅವಳಿಗೆ ಕಾರಿಲ್ಲ, ನಿಮ್ಮ ಮೇಲೆ ಸಿಟ್ಟೂ ಇಲ್ಲ. ತಡವಾದರೆ ಸಂಬಳಕ್ಕೆ ಕತ್ತರಿ. ಅವಳಿಗೆ ನೀವು ಉತ್ತರ ಹೇಳಲೇಬೇಕು. ನನ್ನ ತಕರಾರುಗಳಲ್ಲಿ ಗಟ್ಟಿಯಾದದ್ದು ಇದೊಂದೇ. ದುರದೃಷ್ಟಕ್ಕೆ ಅದು ನನ್ನದಲ್ಲ, ಅವಳದು. ತಿಂಗಳ ಉಳಿದ ದಿನಗಳಲ್ಲಿ ಅವಳ ಬಸ್ಸಿಗೆ ಅಡ್ಡ ನಿಂತಿರುವವನೂ ನಾನೇ.

2013ರ ನವೆಂಬರಿನಲ್ಲಿ ಎರಡೇ ವಾರದಲ್ಲಿ ಲಂಡನ್ನಿನ ರಸ್ತೆಗಳಲ್ಲಿ ಆರು ಜನ ಸೈಕಲ್ ಸವಾರರು ಲಾರಿ, ಬಸ್ಸುಗಳಿಗೆ ಸಿಕ್ಕಿ ಸತ್ತರು. ಆ ಭಾರಿ ವಾಹನಗಳು ಯಾವುವೂ ಆರು ದಿನ ಮುಂಚೆ ನೋಟಿಸ್ ಕೊಟ್ಟಿರಲಿಲ್ಲ. ಅವು ಟ್ರಾಫಿಕ್ಕಿಗೆ ಸೇರಿದವು, ಆದ್ದರಿಂದ ಯಾರೂ ಕೇಳಲಿಲ್ಲ. ಆ ತಿಂಗಳ ಕೊನೆಗೆ ನಿಮ್ಮವರು ಲಂಡನ್ನಿನ ಸಾರಿಗೆ ಸಂಸ್ಥೆಯ ಕಚೇರಿಯೆದುರು ರಸ್ತೆಯಲ್ಲಿ ಹೆಣಗಳಂತೆ ಮಲಗಿ ಪ್ರತಿಭಟಿಸಿದಾಗ ಮಾತ್ರ, ಜನರಿಗೆ ತೊಂದರೆಯಾಯಿತೆಂಬ ಗೊಣಗಾಟ ಶುರುವಾಯಿತು.

ಹೀಗಾಗಿ, ಮಹಾಶಯರೇ, ಕೈಮುಗಿದು ಒಂದು ಸಲಹೆ ಕೊಡುತ್ತೇನೆ. ಮುಂದಿನ ಕಡೇ ಶುಕ್ರವಾರ ಸೈಕಲ್ಲುಗಳನ್ನು ಮನೆಯಲ್ಲಿ ಬಿಟ್ಟು, ಒಬ್ಬೊಬ್ಬರೂ ಒಂದೊಂದು ಕಾರು ತಂದು ಅದೇ ಹೊತ್ತಿಗೆ ಅದೇ ಸೇತುವೆಯ ಬಳಿಗೆ ಬನ್ನಿ. ಇಡೀ ಊರು ಮಧ್ಯರಾತ್ರಿಯವರೆಗೆ ನಿಂತರೂ ಯಾರೂ ನಿಮ್ಮನ್ನು ಬಂಧಿಸುವುದಿಲ್ಲ, ಸಂಘಟಕ ಯಾರೆಂದು ಕೇಳುವುದಿಲ್ಲ, ಮೂರು ಮೂರು ಕೋರ್ಟುಗಳಿಗೂ ಎಳೆಯುವುದಿಲ್ಲ. ರೇಡಿಯೋದಲ್ಲಿ ಹವಾಮಾನದ ನಂತರ, ಇಂದು ವಾಹನ ದಟ್ಟಣೆ ಸ್ವಲ್ಪ ಹೆಚ್ಚಿದೆ ಎಂದು ಹೇಳುತ್ತಾರೆ, ಅಷ್ಟೆ.

ಇಂತಿ,
ನಿಮ್ಮ ಬೆನ್ನ ಹಿಂದೆಯೇ ಹಾರನ್ ಒತ್ತುತ್ತಿರುವ
ಒಬ್ಬ ಕಾರು ಮಾಲೀಕ