ಅಮಿಗಾದಲ್ಲಿ ವಿಮ್: ಬರೆದದ್ದನ್ನು ಕಳೆದುಕೊಳ್ಳುವ ಸರಿಯಾದ ಕ್ರಮ

ಮೊದಲು ಅಮಿಗಾ 500 ಎಂಬ ಹಳೆಯ ಕಂಪ್ಯೂಟರ್ ಒಂದನ್ನು ಹೊಂದಿಸಿಕೊಳ್ಳಿ. 512 ಕೆ.ಬಿ. ಮೆಮೊರಿ, ಒಂದೇ ಒಂದು ಫ್ಲಾಪಿ ಡ್ರೈವ್ ಇರುವಂಥದ್ದು. ಮಾರುವವರು ಹಾರ್ಡ್ ಡಿಸ್ಕನ್ನೂ ಸೇರಿಸಿ ಕೊಡುತ್ತೇವೆ ಎಂದರೆ ಕೈಮುಗಿದು ಬೇಡ ಅನ್ನಿ. ಅದಿದ್ದರೆ ಕೆಲಸ ಬೇಗ ಮುಗಿದುಬಿಡುವ ಅಪಾಯ ಇದೆ.

ಯಂತ್ರದ ಜೊತೆಗೇ ಬರುವ ಎಡಿಟರ್‌ಗಳ ತಂಟೆಗೆ ಹೋಗಬೇಡಿ. ಅವುಗಳಲ್ಲಿ ಒತ್ತಿದ ಅಕ್ಷರ ಒತ್ತಿದ ಹಾಗೆಯೇ ತೆರೆಯ ಮೇಲೆ ಮೂಡುತ್ತದೆ. ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ನಿಮಗೆ ಬೇಕಾದದ್ದು ವಿಮ್. ಯೂನಿಕ್ಸ್‌ನವರ ವಿಐ ಎಡಿಟರ್ ಅಮಿಗಾಕ್ಕೆ ಸಿಗಲಿಲ್ಲವೆಂದು ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್, ಟಿಮ್ ಥಾಂಪ್ಸನ್ ಎಂಬವರು ಅಟಾರಿ ಎಸ್‌ಟಿ ಕಂಪ್ಯೂಟರಿಗಾಗಿ ಬರೆದಿದ್ದ ಸ್ಟೀವಿ ಎಂಬ ಎಡಿಟರನ್ನು ಹಿಡಿದು ತಿದ್ದುತ್ತಾ ಹೋಗಿ ಮಾಡಿದ್ದು ಇದು. 1991ರ ನವೆಂಬರ್‌ನಲ್ಲಿ ಉಚಿತ ಸಾಫ್ಟ್‌ವೇರ್ ಹಂಚುತ್ತಿದ್ದ ಫ್ರೆಡ್ ಫಿಶ್ ಡಿಸ್ಕ್ ಸರಣಿಯ 591ನೆಯದರಲ್ಲಿ ಹೊರಬಂತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕನ್ನಡವನ್ನೂ ಒಳಗೊಂಡ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿತ್ತು. ವಿಮ್‌ಗೂ ಯೂನಿಕೋಡ್‌ಗೂ ಇಲ್ಲಿ ಪರಸ್ಪರ ಪರಿಚಯ ಮಾಡಿಸಲು ಹೋಗಬೇಡಿ. ಬರೆಯಬೇಕೆಂದಿರುವ ಪತ್ರವನ್ನು ಇಂಗ್ಲಿಷಿನಲ್ಲೇ ಕಳೆದುಕೊಳ್ಳಿ.

ವರ್ಕ್‌ಬೆಂಚ್ ಡಿಸ್ಕ್ ಹಾಕಿ ಯಂತ್ರ ಎಬ್ಬಿಸಿ. ಅದನ್ನು ತೆಗೆದು ವಿಮ್ ಇರುವ ಡಿಸ್ಕ್ ಹಾಕಿ. ಅದರಲ್ಲಿ ಏನಿದೆ ಎಂದು ನೋಡಲು ಡಿಐಆರ್ ಎಂದು ಹೊಡೆಯಿರಿ. ಆ ಡಿಐಆರ್ ಆಜ್ಞೆ ಇರುವುದು ವರ್ಕ್‌ಬೆಂಚ್ ಡಿಸ್ಕ್‌ನಲ್ಲಿ, ಆದ್ದರಿಂದ ಯಂತ್ರ ಅದನ್ನೇ ವಾಪಸ್ಸು ಕೇಳುತ್ತದೆ. ಕೊಡಿ. ಆಮೇಲೆ ವಿಮ್ ಡಿಸ್ಕ್ ಕೇಳುತ್ತದೆ. ಅದನ್ನೂ ಕೊಡಿ. ಈ ಕೊಡು-ಕೊಳ್ಳುವಿಕೆಯ ನಡುವೆ ಪತ್ರದಲ್ಲಿ ಏನು ಬರೆಯಬೇಕೆಂದಿದ್ದಿರಿ ಎಂಬುದು ತಾನಾಗಿಯೇ ಮರೆತುಹೋಗುತ್ತದೆ. ಪ್ರತ್ಯೇಕ ಶ್ರಮ ಬೇಕಿಲ್ಲ.

ಪ್ರೋಗ್ರಾಂ ತನ್ನ ನಡುಗೆಲಸಕ್ಕೆ ಬಳಸುವ ಮೆಮೊರಿಯಾದ ಸ್ಟ್ಯಾಕ್‌ನ ಗಾತ್ರ ಹೆಚ್ಚಿಸಿಕೊಳ್ಳಿ ಎಂದು ತಿಳಿದವರು ಹೇಳುತ್ತಾರೆ. ನೀವು ಆಜ್ಞೆ ಹೊಡೆಯುವ ಶೆಲ್ ತಾನಾಗಿ ಕೊಡುವ 4000 ಬೈಟ್‌ಗಳನ್ನೇ ಇಟ್ಟುಕೊಳ್ಳಿ. ಅಮಿಗಾದಲ್ಲಿ ಒಂದು ಪ್ರೋಗ್ರಾಂನ ಮೆಮೊರಿಗೂ ಇನ್ನೊಂದರದ್ದಕ್ಕೂ ನಡುವೆ ಬೇಲಿ ಇಲ್ಲ. ಸ್ಟ್ಯಾಕ್ ಉಕ್ಕಿದರೆ ಪಕ್ಕದವರ ಹೊಲಕ್ಕೆ ನುಗ್ಗುತ್ತದೆ.

ಈಗ ವಿಮ್ ತೆರೆದು ನೇರವಾಗಿ ಡಿಯರ್ ಸರ್ ಎಂದು ಹೊಡೆಯಿರಿ. ಬರೆಯುವ ಮುನ್ನ ಐ ಕೀಲಿ ಒತ್ತಬೇಕೆಂಬ ನಿಯಮವನ್ನು ಲೆಕ್ಕಕ್ಕೆ ಇಡಬೇಡಿ. ದೊಡ್ಡ ಡಿ ಸಾಲನ್ನು ಅಳಿಸಲು ಹೋಗುತ್ತದೆ, ಇ ಪದದ ಕೊನೆ ಹುಡುಕುತ್ತದೆ, ಎ ಬರೆಯುವ ಸ್ಥಿತಿಗೆ ಕರೆದೊಯ್ಯುತ್ತದೆ. ಮೊದಲ ಪದದ ಕೊನೆಯ ಆರ್ ಮಾತ್ರ ತೆರೆಗೆ ಬರುತ್ತದೆ. ಆಮೇಲಿನ ಸರ್ ಪೂರ್ತಿ ಉಳಿಯುತ್ತದೆ. ಪ್ರೀತಿ ಹೋಗಿ ಮರ್ಯಾದೆ ಉಳಿದರೆ ಅರ್ಜಿಗೆ ಅಷ್ಟು ಸಾಕು.

ಬಾಣದ ಕೀಲಿಗಳನ್ನು ಮುಟ್ಟಬೇಡಿ. ಪತ್ರ ಬರೆದಾದ ಮೇಲೆ ಎಸ್ಕೇಪ್ ಒತ್ತಿ, ಎಚ್, ಜೆ, ಕೆ, ಎಲ್ ಒತ್ತಿಯೇ ಓಡಾಡಿ. ವಿಐ ಬರೆದ ಬಿಲ್ ಜಾಯ್ ಬರ್ಕ್‌ಲಿಯಲ್ಲಿ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣಗಳನ್ನು ಅಚ್ಚು ಹಾಕಿದ್ದು ಆ ನಾಲ್ಕು ಅಕ್ಷರಗಳ ಮೇಲೆ. ನಿಮ್ಮ ಕೀಬೋರ್ಡ್‌ನಲ್ಲಿ ಹಾಗೆ ಇಲ್ಲದಿರುವುದು ನಿಮ್ಮ ಕೀಬೋರ್ಡ್‌ನ ದೋಷ. ಓಡಾಡುವಾಗ ಕ್ಯಾಪ್ಸ್ ಲಾಕ್ ಹಾಕಿಕೊಂಡಿರಿ. ಕೆಳಕ್ಕೆ ಇಳಿಯಲೆಂದು ಜೆ ಒತ್ತಿದಷ್ಟು ಸಲ ಕೆಳಗಿನ ಸಾಲು ಮೇಲಿನದಕ್ಕೆ ಅಂಟಿಕೊಂಡು, ಮೂರು ಪ್ಯಾರಾದ ಪತ್ರ ಒಂದೇ ಸಾಲಾಗುತ್ತದೆ. ಕಾಗದ ಉಳಿತಾಯ.

ಸೇವ್ ಮಾಡುವಾಗ ಫ್ಲಾಪಿಗೆ ಬರೆಯಬೇಡಿ, ಅದು ನಿಧಾನ. ಮೆಮೊರಿಯಲ್ಲೇ ಇರುವ ರಾಮ್ ಡಿಸ್ಕ್‌ಗೆ ಬರೆಯಿರಿ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕರೆಂಟ್ ಹೋದರೆ ಅಳಿಯುವುದಕ್ಕೂ ಅಷ್ಟೇ ಹೊತ್ತು ಸಾಕು. ಕರೆಂಟ್ ಹೋಗದಿದ್ದರೆ ಬೇಸರಿಸಬೇಡಿ. ನೀವು ಹಾಗೇ ಬಿಟ್ಟ ಸ್ಟ್ಯಾಕ್ ಯಾವಾಗಲೋ ಒಮ್ಮೆ ಉಕ್ಕುತ್ತದೆ. ಕಪ್ಪು ತೆರೆಯ ಮೇಲೆ ಕೆಂಪು ಚೌಕಟ್ಟು ಮಿನುಗಿ, ಗುರು ಮೆಡಿಟೇಶನ್ ಎಂಬ ಸಾಲಿನಲ್ಲಿ ಒಂದಿಷ್ಟು ಅಂಕಿಗಳು ಕಾಣುತ್ತವೆ. ಗುರುಗಳು ಧ್ಯಾನದಲ್ಲಿದ್ದಾರೆ, ಎದುರು ಮಾತಾಡಬೇಡಿ. ಮೌಸ್‌ನ ಎಡಗುಂಡಿ ಒತ್ತಿ. ಯಂತ್ರ ಹೊಸದಾಗಿ ಏಳುತ್ತದೆ, ಪತ್ರ ಇರುವುದಿಲ್ಲ.

ಇಷ್ಟಾದರೂ ಫ್ಲಾಪಿಗೇ ಬರೆಯುತ್ತೇನೆ ಎಂದು ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಅವರಿಗೂ ದಾರಿ ಇದೆ. ಕೋಲನ್, ಡಬ್ಲ್ಯೂ ಒತ್ತಿ, ಡ್ರೈವ್‌ನ ದೀಪ ಉರಿಯುತ್ತಿರುವಾಗಲೇ ಡಿಸ್ಕ್ ಹೊರಗೆಳೆಯಿರಿ. ಅದನ್ನು ವಾಪಸ್ಸು ಹಾಕಲೇಬೇಕೆಂದು ಯಂತ್ರ ಆಶ್ಚರ್ಯಸೂಚಕಗಳೊಂದಿಗೆ ಗದರುತ್ತದೆ. ಹೆದರಬೇಡಿ, ಬೇರೆ ಡಿಸ್ಕ್ ಹಾಕಿ. ಮೊದಲಿನದು ಕೆಟ್ಟಿತು ಎಂದು ಖಚಿತವಾದ ಮೇಲೆ ಡಿಸ್ಕ್‌ಡಾಕ್ಟರ್ ಎಂಬ ಉಪಕರಣ ನಡೆಸಿ. ಅರ್ಧ ಕೆಟ್ಟದ್ದನ್ನು ಪೂರ್ತಿ ಕೆಡಿಸುವುದರಲ್ಲಿ ಅದು ಹೆಸರುವಾಸಿ. ಚಿಕಿತ್ಸೆ ಮುಗಿಸಿ ಡಿಸ್ಕ್‌ಗೆ ಲ್ಯಾಜರಸ್ ಎಂದು ಹೆಸರನ್ನೂ ಇಡುತ್ತದೆ. ಬೈಬಲ್‌ನಲ್ಲಿ ಸತ್ತು ಎದ್ದುಬಂದವನ ಹೆಸರು. ಆ ಡಿಸ್ಕ್‌ನ ಮೇಲೆ ಬ್ಯಾಕಪ್ ಎಂದು ಚೀಟಿ ಅಂಟಿಸಿ, ಮೂಲ ಪ್ರತಿಯನ್ನು ಅಳಿಸಿ, ಎರಡನೇ ಡಿಸ್ಕ್ ಕೈಗೆ ತೆಗೆದುಕೊಳ್ಳಿ.